ಎರಡೇ ಬಣ್ಣದ ಕಾಕಾ ಪರದೆ ಆರಿಸಿದ್ದು

ದೇವರು ಈ ಜಗತ್ತಿನಲ್ಲಿ ಎರಡೇ ಬಣ್ಣ ಸೃಷ್ಟಿಸಿದ್ದಾನೆ, ಒಂದು ಕೆಂಪು, ಇನ್ನೊಂದು ಹಸಿರು; ಉಳಿದದ್ದೆಲ್ಲ ಅರಿವೆ ಅಂಗಡಿಯವರು ಎಬ್ಬಿಸಿದ ಗುಲ್ಲು ಎಂದು ನಂಬಿದ್ದ ಒಬ್ಬ ಮನುಷ್ಯನನ್ನು ನಾನು ಬಲ್ಲೆ. ಅವರು ನಮ್ಮ ಕಾಕಾ, ಅಂದರೆ ನಮ್ಮಪ್ಪನ ಬೆನ್ನಿಗೆ ಬಿದ್ದ ತಮ್ಮ. ಅವರ ಕಣ್ಣಿನಲ್ಲಿ ದೋಷವಿತ್ತೆಂದು ತಿಳಿಯಬೇಡಿ. ರೈಲ್ವೆಯ ಡಾಕ್ಟರು ಮತ್ತೆ ಮತ್ತೆ ಪರೀಕ್ಷಿಸಿ ಭೇಷ್ ಎಂದ ಕಣ್ಣು ಅವು. ದೋಷವಿದ್ದದ್ದು ನೌಕರಿಯಲ್ಲಿ. ಕಾಕಾ ಮಾಲಗಾಡಿಯ ಗಾರ್ಡ್. ಪುಣೆ-ಮೀರಜ ದಾರಿಯಲ್ಲಿ ಮೂವತ್ತು ವರ್ಷ, ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬರೇ ಕುಳಿತು, ಹಗಲು ಕೆಂಪು-ಹಸಿರು ಬಾವುಟ, ರಾತ್ರಿ ಕೆಂಪು-ಹಸಿರು ದೀಪ ತೋರಿಸಿಕೊಂಡು ಬಂದವರು. ಹಳದಿ ಅಂತ ಒಂದು ಇದೆ ಎಂಬುದನ್ನು ಒಪ್ಪುತ್ತಿದ್ದರು. ಆದರೆ ಅದನ್ನು ಬಣ್ಣ ಅನ್ನುತ್ತಿರಲಿಲ್ಲ. "ಅದು ಬರೇ ಹುಷಾರಿ ತಂಗಿ" ಎಂದು ನನಗೆ ಅನ್ನುತ್ತಿದ್ದರು; ಅಣ್ಣನ ಮಗಳಾದ ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ.

ಒಮ್ಮೆ ನಮ್ಮ ಸೋದರತ್ತೆಯ ಮಗನಿಗೆ ಹೆಣ್ಣು ನೋಡಿ ಬರಲು ಈ ಪುಣ್ಯಾತ್ಮರನ್ನು ಕಳಿಸಿದ್ದರು. ತಿರುಗಿ ಬಂದ ಕೂಡಲೇ ಹೆಂಗಸರೆಲ್ಲ ಸುತ್ತುಗಟ್ಟಿ ಕೇಳಿದರು, "ಹುಡುಗಿ ಬಣ್ಣ ಹ್ಯಾಂಗದ?"

"ಹಸರು" ಅಂದರು ಕಾಕಾ.

ಅತ್ತೆ ಅಲ್ಲೇ ಕುಸಿದು ಕುಳಿತರು. ಗಾಡಿ ಬಿಡಬಹುದು, ಮದುವೆ ಮುಂದುವರಿಸಬಹುದು ಎಂಬುದು ಕಾಕಾನ ಅರ್ಥವೆಂದು ಬಿಡಿಸಿ ಹೇಳಲು ಕಾಕಾನ ಹೆಂಡತಿ, ನಮ್ಮ ಕಾಕು, ಬರಬೇಕಾಯಿತು. ಗೋಧಿಯ ಬಣ್ಣದ ಆ ಚೆಲುವೆ ಮೂರು ಮಕ್ಕಳ ತಾಯಿಯಾದ ಮೇಲೂ ನಮ್ಮ ಬಳಗದಲ್ಲಿ 'ಹಸರು ಸೊಸಿ' ಎಂದೇ ಕರೆಸಿಕೊಂಡಳು.

ಬಣ್ಣದ ಮಾತಾಯಿತು, ಇನ್ನು ನಿದ್ದೆಯ ಮಾತು. ಮಾಲಗಾಡಿಗೆ ಹೆಚ್ಚಾಗಿ ರಾತ್ರಿಯೇ ದಾರಿ ಬಿಡುತ್ತಿದ್ದುದರಿಂದ ಕಾಕಾ ಬೆಳಗಿಗೆ ಮನೆಗೆ ಬಂದು ಹಗಲು ಮಲಗುತ್ತಿದ್ದರು. ರಜೆಗೆ ಪುಣೆಗೆ ಹೋದಾಗಲೆಲ್ಲ ನಾನು ಅವರ ಕ್ವಾರ್ಟರ್ಸಿನ ಆ ನಿದ್ದೆಯ ದರಬಾರು ನೋಡಿದ್ದೇನೆ. ಕಾಕು ತವರಿನಿಂದ ತಂದ ಕರಿ ಕಂಬಳಿಯೊಂದನ್ನು ಕಿಟಕಿಗೆ ಮೊಳೆ ಹೊಡೆದು ಬಿಗಿದಿದ್ದರು. ಮಕ್ಕಳಿಬ್ಬರೂ ಪಿಸುದನಿಯಲ್ಲಿ ಜಗಳವಾಡುವುದನ್ನು ಕಲಿತಿದ್ದರು. ತರಕಾರಿಯವಳು ಕೂಗದೆ ಕಳ್ಳಿಯ ಹಾಗೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಕುಕ್ಕರಿಗಂತೂ ಆ ಮನೆಯಲ್ಲಿ ಪ್ರವೇಶವೇ ಇರಲಿಲ್ಲ. ಯಾಕೆ ಅಂದಿರಾ? ಒಮ್ಮೆ ತಂದಿದ್ದರು. ಅದು ಮೊದಲ ಸೀಟಿ ಹೊಡೆದ ಕೂಡಲೇ ಕಾಕಾ ಗಾಢನಿದ್ದೆಯಲ್ಲೇ ಎದ್ದು ಕುಳಿತು, ಕೈ ಚಾಚಿ, ಇಲ್ಲದ ಬಾವುಟ ಬೀಸಿ, ಮತ್ತೆ ಮಲಗಿದರು. ಮರುದಿನವೇ ಕುಕ್ಕರು ಅಟ್ಟ ಸೇರಿತು.

ಈ ಎಲ್ಲದರ ನಡುವೆ ಕಾಕು ಕಂಬಳಿಯ ಅಂಚು ಒಂದಿಷ್ಟೇ ಸರಿಸಿ, ಅಲ್ಲಿಂದ ಬೀಳುವ ದಾರದಷ್ಟು ಬೆಳಕಿನಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಹರಳನ್ನು ಕಣ್ಣಿಗಿಂತ ಬೆರಳಿನಿಂದಲೇ ಹುಡುಕುತ್ತಿದ್ದರು. ಊರಿಗೆ ಮರಳಿದ ಮೇಲೆ ನಾನು ಗೆಳತಿಯರೆದುರು ಕಣ್ಣು ಮುಚ್ಚಿಕೊಂಡು ಕಾಕು ಅಕ್ಕಿ ಆರಿಸುವುದನ್ನು ಅಭಿನಯಿಸಿ ತೋರಿಸುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆಗೆ ಕಾಕಾ ನಿವೃತ್ತರಾದರು. ಸರಕಾರದ ಬಾವುಟಗಳನ್ನು ಸರಕಾರಕ್ಕೆ ಒಪ್ಪಿಸಿ, ಅದೇ ಅಳತೆಯ ಒಂದು ಜೋಡಿಯನ್ನು ತಮ್ಮ ಕೈಯಿಂದಲೇ ಹೊಲಿದು ಮನೆಯಲ್ಲಿಟ್ಟುಕೊಂಡರು. ಹೆಣ್ಣುಮಕ್ಕಳ ಮದುವೆಯಾಗಿತ್ತು. ಪುಣೆಯ ಘೋರ್ಪಡಿಯಲ್ಲಿ, ಗಾಡಿಯ ಸದ್ದು ಕೇಳುವಷ್ಟು ಹತ್ತಿರ, ಮಾಳಿಗೆಯ ಮೇಲೆ ಎರಡು ಕೋಣೆಯ ಮನೆ ಹಿಡಿದರು. ನನಗೆ ಪುಣೆಯ ಶಾಲೆಯೊಂದರಲ್ಲಿ ಬೆಳಗಿನ ಪಾಳಿಯ ಮಾಸ್ತರಿಕೆ ಸಿಕ್ಕಿದ್ದರಿಂದ ನಾನೂ ಅವರ ಜೊತೆಗೇ ಇದ್ದೆ. ಮಲಗುವ ಕೋಣೆಯ ಕಿಟಕಿ ಪಡುವಣಕ್ಕಿತ್ತು. ಮಧ್ಯಾಹ್ನ ಎರಡಾಯಿತೆಂದರೆ ಬಿಸಿಲು ಸೀದಾ ಬಂದು ಹಾಸಿಗೆಯ ಮೇಲೆಯೇ ಮಲಗುತ್ತಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಕಾಕುವಿನ ಎರಡೂ ಕಣ್ಣಿಗೆ ಬಂದಿದ್ದ ಪೊರೆಯಲ್ಲಿ ಮೊದಲು ಬಲಗಣ್ಣಿನದನ್ನು ತೆಗೆಯುವುದೆಂದು ಗೊತ್ತಾಯಿತು. ಡಾಕ್ಟರು ಕಾಕಾನನ್ನು ಕೂಡ್ರಿಸಿಕೊಂಡು ಮರಾಠಿಯಲ್ಲಿ ಸಾವಕಾಶ ಹೇಳಿದರು: ಮನೆಗೆ ಬಂದ ಮೇಲೆ ಕೋಣೆಯಲ್ಲಿ ಕಣ್ಣು ಕುಕ್ಕುವ ಬೆಳಕು ಬೇಡ. ಹಾಗಂತ ಪೂರ್ತಿ ಕತ್ತಲೂ ಬೇಡ. ಮಧ್ಯಾಹ್ನ ಮಲಗಬೇಕು. ಕಿಟಕಿಗೆ ಕಣ್ಣಿಗೆ ತಂಪಾಗುವಂಥ ಒಂದು ತಿಳಿ ಬಣ್ಣದ ಪರದೆ ಹಾಕಿ.

ಮನೆ ಮುಟ್ಟಿದ ಮೇಲೆ ಕಾಕಾ ನನ್ನನ್ನು ಕೇಳಿದರು, "ತಿಳಿ ಬಣ್ಣ ಅಂದ್ರ ಯಾವದು ತಂಗಿ? ಕೆಂಪೋ, ಹಸರೋ?"

ಈ ವಿಷಯದಲ್ಲಿ ನನ್ನಷ್ಟು ತಿಳಿದವರು ಇಡೀ ಘೋರ್ಪಡಿಯಲ್ಲಿ ಇರಲಿಲ್ಲ ಎಂಬುದು ಆಗ ನನ್ನ ಖಚಿತ ಅಭಿಪ್ರಾಯವಾಗಿತ್ತು. ಮಹಿಳಾ ಮಾಸಿಕವೊಂದರಲ್ಲಿ ಮಲಗುವ ಕೋಣೆಯ ಅಲಂಕಾರದ ಬಗ್ಗೆ ಒಂದು ಲೇಖನ ಓದಿದ್ದೆನಲ್ಲ! ಅದನ್ನು ತಂದು ಗಟ್ಟಿಯಾಗಿ ಓದಿ ಹೇಳಿದೆ. ಕೋಣೆಗೆ ಒಂದೇ ಬಣ್ಣವಿರಬೇಕು, ಅದು ಮನಸ್ಸನ್ನು ಸವರುವಂತಿರಬೇಕು, ಉದಾಹರಣೆಗೆ ಮುಗಿಲಿನ ನೀಲಿ.

"ಯಾವೂರ ಮುಗಲು?" ಕಾಕಾ ಕೇಳಿದರು. "ಪುಣೆದ್ದು ಬ್ಯಾರೆ ಇರತದ, ಮೀರಜದ್ದು ಬ್ಯಾರೆ. ವರ್ಷಾನುಗಟ್ಟಲೆ ನೋಡೇನಿ."

"ಅಷ್ಟೆಲ್ಲ ಇಲ್ರಿ ಕಾಕಾ, ಸುಮ್ಮನ ಮುಗಲು."

"ಸುಮ್ಮನ ಮುಗಲು ಅಂತ ಯಾವದೂ ಇರಂಗಿಲ್ಲ" ಅಂದರು. ಎರಡು ಬಣ್ಣದ ಮನುಷ್ಯ ಮುಗಿಲಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟೆಂದು ನನಗೆ ಗೊತ್ತಿರಲಿಲ್ಲ.

ಅರಿವೆ ಅಂಗಡಿಗಳ ಲಕ್ಷ್ಮೀ ರೋಡಿಗೆ ಹೊರಟೆವು. ನಾನು ಶಾಲೆ ಮುಗಿಸಿ ಬರುವುದೇ ಹನ್ನೆರಡೂವರೆಗೆ. ಪುಣೆಯ ಅಂಗಡಿಗಳು ಒಂದಕ್ಕೆ ಮುಚ್ಚಿದರೆ ಮತ್ತೆ ತೆಗೆಯುವುದು ನಾಲ್ಕಕ್ಕೆ. ನಡುವೆ ಅಂಗಡಿಯವರು ಉಂಡು ಮಲಗುತ್ತಾರೆ. ಆಗ ಗಿರಾಕಿಯ ರೂಪದಲ್ಲಿ ಸಾಕ್ಷಾತ್ ಲಕ್ಷ್ಮಿಯೇ ಬಂದು ಬಾಗಿಲು ತಟ್ಟಿದರೂ ನಾಲ್ಕಕ್ಕೆ ಬಾ ಅನ್ನುವ ಜನ. ನಾವು ಮುಟ್ಟಿದಾಗ ಅಂಗಡಿಯ ಮಾಲಕ ಬಾಗಿಲು ಎಳೆಯುತ್ತಿದ್ದ. ಕಾಕಾನ ಹಟವೆಂದರೆ ಅರಿವೆಯನ್ನು ಎರಡು ಗಂಟೆಯ ಬಿಸಿಲಿನಲ್ಲೇ ನೋಡಬೇಕು, ಯಾಕೆಂದರೆ ಕಾಕು ಮಲಗುವುದು ಎರಡು ಗಂಟೆಗೆ.

"ಆತಾ ಬಂದ್, ಈಗ ಮುಚ್ಚಿತು" ಅಂದ ಮಾಲಕ. "ಈಗ ನಮ್ಮ ಮಲಗುವ ಹೊತ್ತು."

ಕಾಕಾ ಜಗಳ ತೆಗೆಯುತ್ತಾರೆಂದು ನಾನು ಹೆದರಿದೆ. ಆದರೆ ಹಗಲು ನಿದ್ದೆಯ ಬೆಲೆ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಕೈ ಮುಗಿದು ದಾರಿ ಬಿಟ್ಟರು. ಮಾಲಕ ಅಂಗಡಿಯ ಮೇಲಿನ ಮನೆಗೆ ಹೋಗಿ ಮಲಗಿದ. ಕಾಕಾ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮೂರು ತಾಸು! ಅಷ್ಟರಲ್ಲಿ ಬಂದ ಮೂವರು ಗಿರಾಕಿಗಳನ್ನು ತುಟಿಯ ಮೇಲೆ ಬೆರಳಿಟ್ಟು ತಿರುಗಿಸಿ ಕಳಿಸಿದರು. ಗಂಟೆ ಬಾರಿಸುತ್ತ ಬಂದ ಕುಲ್ಫಿಯವನನ್ನು ಕೈ ಅಡ್ಡ ಚಾಚಿ ನಿಲ್ಲಿಸಿದರು. ನಾಲ್ಕಕ್ಕೆ ಮಾಲಕ ಕಣ್ಣುಜ್ಜಿಕೊಳ್ಳುತ್ತ ಇಳಿದು ಬಂದು, ಇಷ್ಟು ಛಲೋ ನಿದ್ದೆ ಬಂದು ಎಷ್ಟು ದಿನವಾಗಿತ್ತೋ ಅಂದ. ಕಾರಣ ತಿಳಿದ ಮೇಲೆ ಅವನ ಮುಖ ನೋಡಬೇಕಿತ್ತು. ನಗಬೇಕೋ, ಹೋದ ಗಿರಾಕಿಗಳಿಗಾಗಿ ಅಳಬೇಕೋ ತಿಳಿಯದೆ ಚಹಾ ತರಿಸಿದ. ಪೂರ್ತಿ ಪರದೆಯ ಅಳತೆಗಿಂತ ಕಡಿಮೆ ಅರಿವೆ ಹರಿಯದವನು ಕಾಕಾನಿಗಾಗಿ ಒಂದೊಂದು ಬಣ್ಣದಲ್ಲಿ ಅರ್ಧರ್ಧ ಮೀಟರು ಹರಿದುಕೊಟ್ಟ.

"ಇದು ಪಿಸ್ತಾ, ಇದು ಬದಾಮಿ" ಎಂದು ಅವನು ಒಂದೊಂದೇ ತೋರಿಸಿದ.

ಕಾಕಾ ನನ್ನ ಕಿವಿಯಲ್ಲಿ ಅಂದರು, "ತಂಗಿ, ಇದು ಅರಿವಿ ಅಂಗಡಿ ಹೌದೋ ಅಲ್ಲೋ? ಇಂವಾ ಪ್ರಸಾದಕ್ಕ ಕೊಟ್ಹಂಗ ಮಾಡ್ಲಿಕತ್ಯಾನ."

ಮರುದಿನದಿಂದ ಪರೀಕ್ಷೆ ಶುರುವಾಯಿತು. ಸರಿಯಾಗಿ ಎರಡಕ್ಕೆ ಒಂದು ತುಂಡು ಕಿಟಕಿಗೆ ಕಟ್ಟುವುದು, ಕಾಕಾ ಕಾಕುವಿನ ಜಾಗದಲ್ಲಿ ಮಲಗಿ ನೋಡುವುದು. ಗಾರ್ಡ್ ಆಗಿದ್ದಾಗ ಯಾವ ಸ್ಟೇಷನ್ನಿಗೆ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ಬರೆದಿಡುವ ಪುಸ್ತಕವಿರುತ್ತಿತ್ತು. ಅಂಥದೇ ಒಂದು ಪುಸ್ತಕ ಈಗ ತಲೆದಿಂಬಿನ ಹತ್ತಿರ ಬಂತು. ಮೊದಲ ದಿನದ ಬರಹ ಹೀಗಿತ್ತು: '೧೪.೦೦ ಬದಾಮಿ. ೧೪.೦೪ ನಿದ್ರೆ.' ಎರಡನೆಯ ದಿನ: '೧೪.೦೦ ಪಿಸ್ತಾ. ೧೪.೦೩ ನಿದ್ರೆ.' ಮೂರನೆಯ ದಿನ ಏನೂ ಕಟ್ಟದೆ ರಣಬಿಸಿಲಿನಲ್ಲೇ ಮಲಗಿಸಿ ನೋಡಿದೆ. '೧೪.೦೨ ನಿದ್ರೆ!' ಮೂವತ್ತು ವರ್ಷ ಹಗಲು ಮಲಗಿದ ಮನುಷ್ಯನಿಗೆ ಪರದೆ ಯಾಕೆ ಬೇಕು? ನಿದ್ದೆ ಬಂದ ಗಳಿಗೆಯನ್ನು ನಿದ್ದೆಯಲ್ಲಿರುವಾತ ಹೇಗೆ ಬರೆದ ಎಂದು ಕೇಳಿದ್ದಕ್ಕೆ, "ಅಂದಾಜಿನ ಮ್ಯಾಲೆ ಮೊದಲಽ ಬರದಿಡತೇನಿ" ಅಂದರು. ಆಮೇಲೆ ನನ್ನನ್ನು ಮಲಗಿಸಿದರು. ಬೆಳಿಗ್ಗೆಯಿಂದ ಐವತ್ತು ಮಕ್ಕಳಿಗೆ ಮಗ್ಗಿ ಹೇಳಿಸಿ ಬಂದಾಕೆ ನಾನು. ಅವರು ಪುಸ್ತಕ ತೆಗೆಯುವಷ್ಟರಲ್ಲಿ ಗೊರಕೆ ಹೊಡೆದಿದ್ದೆನಂತೆ.

"ನಿಮ್ಮಿಬ್ಬರಿಂದನೂ ಉಪಯೋಗ ಇಲ್ಲ" ಎಂದು ಕಾಕು ಒಳಗಿನಿಂದ ಅಂದರು. "ಮಲಗಾಕಿ ನಾನು. ನನಗ ತೋರಸ್ರಿ."

ಇದು ಇಷ್ಟು ದಿನ ನಮಗೆ ಹೊಳೆದೇ ಇರಲಿಲ್ಲ. ಕಾಕುವನ್ನು ಮಂಚದ ಮೇಲೆ ಕೂಡ್ರಿಸಿ, ನಾನು ಮೊದಲು ಆಕಾಶದ ಬಣ್ಣದ್ದನ್ನು ಕಟ್ಟಿದೆ. ಅದು ನನ್ನ ಆಯ್ಕೆ, ಮಾಸಿಕದ ಆಯ್ಕೆ.

"ಛಲೋ ಅದ" ಅಂದರು ಕಾಕು.

ಪಿಸ್ತಾ ಕಟ್ಟಿದೆ. ಅದೂ ಛಲೋ. ಬದಾಮಿಯೂ ಛಲೋ.

"ಎಲ್ಲಾನೂ ಛಲೋ ಅಂದ್ರ ಹ್ಯಾಂಗ?" ಕಾಕಾ ರೇಗಿದರು. "ಯಾವದರೆ ಒಂದು ಹೇಳು."

"ಹಂಗಾದ್ರ ಮೊದಲಿಂದಽ ಇರ್ಲಿ. ಆ ಬೆಲ್ಲದ ಬಣ್ಣದ್ದು."

ನಾನು ನಕ್ಕುಬಿಟ್ಟೆ. ಕಾಕು ಚೇಷ್ಟೆ ಮಾಡುತ್ತಿದ್ದಾರೆಂದು ತಿಳಿದಿದ್ದೆ. ಕಾಕಾ ನಗಲಿಲ್ಲ. ಪಿಸ್ತಾ ತುಂಡನ್ನು ಕಾಕುವಿನ ಮುಖದ ಹತ್ತಿರ ಹಿಡಿದು ಕೇಳಿದರು, "ಇದು?"

"ಅದೂ ಬೆಲ್ಲಽ. ಸ್ವಲ್ಪ ಹಳೇ ಬೆಲ್ಲ."

"ಎಷ್ಟು ದಿನ ಆತು ಹಿಂಗ ಕಾಣಸಲಿಕತ್ತು?"

"ಯಾರ ಎಣಿಸ್ಯಾರ್ರಿ. ಎರಡು ವರ್ಷ ಆಗಿರಬೇಕು, ಮೂರು ಆಗಿರಬೇಕು. ಆಗ ನಿಮಗ ಡ್ಯೂಟಿ ಇತ್ತಲ್ಲ, ಹೇಳಿದ್ರ ಸುಮ್ಮನ ನಿದ್ದಿ ಕೆಡಸ್ಕೋತಿದ್ರಿ."

ಕಾಕಾ ಆ ದಿನ ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಹೊರಗೆ ಗ್ಯಾಲರಿಯಲ್ಲಿ ಹೋಗಿ ನಿಂತರು. ಒಂದು ಗಾಡಿ ಹೋಯಿತು, ಇನ್ನೊಂದು ಹೋಯಿತು.

ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಕಾಕಾ ಒಬ್ಬರೇ ಲಕ್ಷ್ಮೀ ರೋಡಿಗೆ ಹೋಗಿ ಇನ್ನಷ್ಟು ತುಂಡುಗಳನ್ನು ಹರಿಸಿಕೊಂಡು ಬಂದಿದ್ದರು. ತಿಳಿ ಗುಲಾಬಿ, ಮುತ್ತಿನ ಬಿಳುಪು, ಅಬ್ಬಲಿಗೆ, ತಿಳಿ ನೇರಳೆ. ಅದರ ಮರುದಿನ ಮತ್ತೆರಡು. ನನಗೆ ತಲೆ ಕೆಟ್ಟಿತು. ಆಪರೇಷನ್ನಿಗೆ ಮೂರೇ ದಿನ ಉಳಿದಿದ್ದವು, ಕಿಟಕಿ ಇನ್ನೂ ಬತ್ತಲೆಯಾಗಿತ್ತು.

"ಕಾಕಾ, ಒಂದು ಕಿಡಕಿಗೆ ಒಂದಽ ಬಣ್ಣ ಸಾಕು. ಒಂದು ಆರಿಸ್ರಿ, ಉಳಿದದ್ದು ಬಿಡ್ರಿ" ಎಂದು ಮಕ್ಕಳಿಗೆ ಹೇಳುವ ದನಿಯಲ್ಲಿಯೇ ಹೇಳಿದೆ.

ಕಾಕಾ ಎಲ್ಲ ತುಂಡುಗಳನ್ನೂ ಮಂಚದ ಮೇಲೆ ಹರಡಿಕೊಂಡು ಕುಳಿತಿದ್ದರು. ತಲೆಯೆತ್ತಿ ಕೇಳಿದರು, "ಅಕಿ ಎಲ್ಲಾ ಬಣ್ಣಾನೂ ಕಳಕೊಂಡು ಕೂತಾಳ. ಯಾವದು ಬಿಡ್ಲಿ ಹೇಳು ತಂಗಿ?"

ನಾನು ನನ್ನ ಮಾಸಿಕವನ್ನು ಮಡಚಿ ರದ್ದಿಯಲ್ಲಿಟ್ಟೆ.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಕಾಕುವನ್ನು ಒಂದು ವಾರ ಆಸ್ಪತ್ರೆಯಲ್ಲಿಟ್ಟುಕೊಂಡರು. ಎರಡನೆಯ ದಿನ ಕಾಕಾ ಡಾಕ್ಟರನ್ನು ಪಡಸಾಲೆಯಲ್ಲಿ ತಡೆದು, ಬಹಳ ಹೊತ್ತಿನಿಂದ ಬಾಯಿಪಾಠ ಮಾಡಿಟ್ಟುಕೊಂಡಂತೆ ಮರಾಠಿಯಲ್ಲಿ ಕೇಳಿದರು: ವರ್ಷಾನುಗಟ್ಟಲೆ ಕತ್ತಲಲ್ಲಿ ಅಕ್ಕಿ ಆರಿಸಿದರೆ ಕಣ್ಣಿಗೆ ಪೊರೆ ಬರುತ್ತದೆಯೇ? ಡಾಕ್ಟರು ನಕ್ಕು, ಇಲ್ಲ, ಇದು ವಯಸ್ಸಿನದು, ಅಕ್ಕಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಅವರ ಭುಜ ತಟ್ಟಿ ಹೋದರು. ಕಾಕಾ ತಲೆಯಾಡಿಸಿದರು. ಮೆಟ್ಟಿಲು ಇಳಿಯುವಾಗ ನನಗೆ ಹೇಳಿದರು, "ಡಾಕ್ಟರು ಭಾಳ ಛಲೋ ಮನಷ್ಯಾರು. ಆದ್ರ ಅವರೇನು ನಮ್ಮ ಕ್ವಾರ್ಟರ್ಸಿನಾಗ ಇದ್ದಿಲ್ಲ."

ನಾನು ಇದ್ದೆ. ಕಂಬಳಿಯ ಅಂಚಿನಲ್ಲಿ ಮೊರ ಇಟ್ಟುಕೊಂಡು ಕುಳಿತ ಕಾಕುವನ್ನು ನೋಡಿದ್ದೆ, ನೋಡಿ ಗೆಳತಿಯರೆದುರು ಕಣ್ಣು ಮುಚ್ಚಿಕೊಂಡು ಆಡಿ ತೋರಿಸಿದ್ದೆ. ಆ ಮೆಟ್ಟಿಲ ಮೇಲೆ ನನಗೆ ನಾಚಿಕೆಯಾಯಿತು.

ಕಾಕುವಿನ ಹತ್ತಿರ ರಾತ್ರಿ ಇರುವುದು ನನ್ನ ಪಾಳಿಯಾಗಿತ್ತು. ಕಾಕಾ ಮನೆಯಲ್ಲಿ ಒಬ್ಬರೇ ಏನು ಮಾಡುತ್ತಿದ್ದರೋ ನಾನು ವಿಚಾರಿಸಲಿಲ್ಲ. ಕಾಕುವನ್ನು ಕರೆತರುವ ಹಿಂದಿನ ದಿನ ಬಟ್ಟೆ ಒಯ್ಯಲು ಮನೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ಮಲಗುವ ಕೋಣೆಯ ಕಿಟಕಿಗೆ ಕೌದಿ! ಹೌದು, ನಮ್ಮ ಕಡೆ ಹಳೇ ಸೀರೆ ಧೋತರಗಳ ತುಂಡು ಜೋಡಿಸಿ ಹೊದೆಯಲಿಕ್ಕೆ ಹೊಲಿಯುತ್ತಾರಲ್ಲ, ಅದೇ ಪದ್ಧತಿಯಲ್ಲಿ ಕಾಕಾ ಎಲ್ಲ ತುಂಡುಗಳನ್ನೂ ಜೋಡಿಸಿ ಒಂದೇ ಪರದೆ ಹೊಲಿದಿದ್ದರು. ಬಾವುಟ ಹೊಲಿದ ಕೈ. ಒಂದೊಂದು ಹೊಲಿಗೆಯೂ ಹೆಬ್ಬೆರಳಿನಷ್ಟು ಉದ್ದವಾಗಿತ್ತು. ಪಿಸ್ತಾದ ಪಕ್ಕ ಗುಲಾಬಿ, ಗುಲಾಬಿಯ ಕೆಳಗೆ ನೇರಳೆ, ಮೂಲೆಯಲ್ಲಿ ಅಬ್ಬಲಿಗೆ. ಇಷ್ಟೆಲ್ಲ ಬಣ್ಣಗಳಿದ್ದವು, ಬಾವುಟದ ಕೆಂಪು ಇರಲಿಲ್ಲ, ಬಾವುಟದ ಹಸಿರು ಇರಲಿಲ್ಲ. ಮಾಸಿಕದ ಲೇಖನ ಬರೆದವರು ಇದನ್ನು ಕಂಡಿದ್ದರೆ ಲೇಖನಿಯನ್ನೇ ಕೆಳಗಿಡುತ್ತಿದ್ದರು.

ಆಗ ಎರಡು ಗಂಟೆ. ಪಡುವಣದ ಬಿಸಿಲು ಆ ತೆಳ್ಳಗಿನ ತುಂಡುಗಳನ್ನು ಹಾಯ್ದು ಹಾಸಿಗೆಯ ಮೇಲೆ ಬಿದ್ದಿತ್ತು. ಕೋಣೆಯಲ್ಲಿ ಕತ್ತಲೆ ಇರಲಿಲ್ಲ, ಕಣ್ಣು ಕುಕ್ಕುವ ಬೆಳಕೂ ಇರಲಿಲ್ಲ. ಡಾಕ್ಟರು ಹೇಳಿದ್ದ ಬೆಳಕು ಅದೇ.

ಮರುದಿನ ಕಾಕು ಬಂದರು. ಮಂಚದ ಮೇಲೆ ಕುಳಿತು, ಕರಿ ಕನ್ನಡಕ ತೆಗೆದರು. ದಪ್ಪ ಕನ್ನಡಕ ಬರಲು ಇನ್ನೂ ಒಂದೂವರೆ ತಿಂಗಳಿತ್ತು. ಅಲ್ಲಿಯವರೆಗೆ ಆ ಕಣ್ಣಿಗೆ ಯಾವ ವಸ್ತುವಿನ ಅಂಚೂ ಸರಿಯಾಗಿ ಕಾಣದು, ಬಣ್ಣ ಮಾತ್ರ ಕಂಡೀತು ಎಂದು ಡಾಕ್ಟರು ಹೇಳಿದ್ದರು. ಕಾಕಾ ಗೋಡೆಗೆ ಒರಗಿ ನಿಂತಿದ್ದರು. ಕೈಯಲ್ಲಿ ಪುಸ್ತಕವೂ ಪೆನ್ಸಿಲ್ಲೂ ಇದ್ದವು.

ಕಾಕು ಕಿಟಕಿಯ ಕಡೆ ನೋಡಿದರು. ಆಮೇಲೆ ಹೇಳಿದರು, "ಕಿಡಕಿಗೆ ಕೌದಿ ಹೊಚ್ಚೀರಲ್ರಿ. ಅದಕ್ಕೇನು ಥಂಡಿ ಆಗಿತ್ತೇನು?"

"ಏನೇನು ಕಾಣಸ್ತದ ಹೇಳು" ಅಂದರು ಕಾಕಾ.

ಕಾಕು ಬೆರಳು ಮುಂದೆ ಮಾಡಿ ಒಂದೊಂದೇ ಹೇಳತೊಡಗಿದರು. ಇದು ಗುಲಾಬಿ. ಇದು ಪಿಸ್ತಾ. ಇದು ನನ್ನ ತಂಗಿ ಮದುವ್ಯಾಗ ಉಟ್ಟಿದ್ನಲ್ಲ, ಆ ಸೀರಿ ಬಣ್ಣ. ಕಾಕಾ ಪುಸ್ತಕದಲ್ಲಿ ಒಂದೊಂದಕ್ಕೂ ಗೀಟು ಹಾಕಿಕೊಂಡರು. ನೀಲಿಯ ತುಂಡಿಗೆ ಬಂದಾಗ ಕಾಕುವಿನ ಬೆರಳು ನಿಂತಿತು. "ಏನ್ರೀ, ನಾ ಬೆಲ್ಲ ಅಂದಿದ್ದು ಇದಕ್ಕೇನು?" ಎಂದು ಕೇಳಿ ನಕ್ಕರು. ನಗುತ್ತ ನಗುತ್ತಲೇ ಸೆರಗು ಬಾಯಿಗೆ ಹಿಡಿದರು. ಅಳಬಾರದು, ಕಣ್ಣಿಗೆ ಆಗಿಬರುವುದಿಲ್ಲ ಎಂದು ನಾನು ಗದರಿಸಿದೆ. ಕಾಕಾನಿಗೆ ಯಾರೂ ಗದರಿಸಲಿಲ್ಲ.

ಮರುದಿನ ಶಾಲೆಯಲ್ಲಿ ಸಭೆಯಿತ್ತು, ಮನೆಗೆ ಬರುವಷ್ಟರಲ್ಲಿ ಮೂರಾಗಿತ್ತು. ಮೆಟ್ಟಿಲ ಬುಡದಲ್ಲಿ ಬಾಳೆಹಣ್ಣಿನವಳು ಬುಟ್ಟಿ ಇಳಿಸಿಕೊಂಡು ಸದ್ದಿಲ್ಲದೆ ನಿಂತಿದ್ದಳು. ಮೇಲೆ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕಾಕಾ ಕುಳಿತಿದ್ದರು, ಕೈಯಲ್ಲಿ ಕೆಂಪು ಬಾವುಟ ಬಿಚ್ಚಿ ಹಿಡಿದಿದ್ದರು. ಹಸಿರು ಸುತ್ತಿ ತೊಡೆಯ ಮೇಲಿತ್ತು. ನನ್ನ ಚಪ್ಪಲಿಯ ಸದ್ದು ಕೇಳಿ ಬಾವುಟವನ್ನು ಇನ್ನಷ್ಟು ಮುಂದೆ ಮಾಡಿದರು. ಕಣ್ಣು ತೂಕಡಿಕೆಯಿಂದ ಕೆಂಪಾಗಿದ್ದವು. ಅದು ಅವರ ಜನ್ಮದ ನಿದ್ದೆಯ ಹೊತ್ತು.

ಹತ್ತಿರ ಹೋಗಿ ಪಿಸುಗುಟ್ಟಿದೆ, "ಕಾಕಾ, ನೀವೂ ಒಳಗ ಹೋಗಿ ಸ್ವಲ್ಪ ಅಡ್ಡಾಗ್ರಿ. ನಾ ಕೂಡತೇನಿ ಇಲ್ಲೆ."

"ಮೂವತ್ತು ವರ್ಷ ಅಡ್ಡಾಗೇನಿ ತಂಗಿ" ಅಂದರು ಅವರೂ ಪಿಸುದನಿಯಲ್ಲೇ. "ಅಷ್ಟೂ ದಿವಸ ಅಕಿ ಎಚ್ಚರಿದ್ಲು."

ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಅವರು ಹಸಿರು ತೋರಿಸುವವರೆಗೆ ಮೆಟ್ಟಿಲ ಮೇಲೆಯೇ ಕುಳಿತೆ.